ಡ್ರಿಪ್ ಪೋಷಣೆಯಲ್ಲಿ ಪ್ಲಾಸ್ಟಿಸೈಜರ್ ಹುಡುಕುವುದು: ನಳಿಕೆಯ ತುದಿಯ ಹನಿಯಿಂದ ವರದಿಯವರೆಗೆ

"ಮೇಡಂ, ನೀವು ಸ್ಯಾಂಪಲ್ ತೆಗೆದದ್ದು ಚೀಲದಿಂದ. ಮಗುವಿನ ಮೈಗೆ ಹೋಗೋದು ನಳಿಕೆಯ ತುದಿಯಿಂದ ಅಲ್ವಾ?"

ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ರಕ್ತನಾಳದ ಮೂಲಕ ಕೊಡುವ ಪೋಷಣೆಯನ್ನು ಬೆರೆಸಿ ತಯಾರಿಸುವ ಫಾರ್ಮಸಿಸ್ಟ್ ಒಬ್ಬರು ನನ್ನ ವರದಿ ಓದಿ ಹೀಗೆ ಕೇಳಿದರು. ಕೊಬ್ಬಿನ ಎಮಲ್ಷನ್ ತುಂಬಿದ ಇವಿಎ ಎಂಬ ಪ್ಲಾಸ್ಟಿಕ್ಕಿನ ಚೀಲದಲ್ಲಿ ಡಿಇಎಚ್‌ಪಿ ಎಂಬ ಪ್ಲಾಸ್ಟಿಸೈಜರ್ (ಪ್ಲಾಸ್ಟಿಕ್ ಮೆತ್ತಗಾಗಿಸುವ ವಸ್ತು) 'ಪತ್ತೆಯಾಗಿಲ್ಲ' ಎಂದು ನಾನು ಬರೆದಿದ್ದೆ. ಚೀಲದ ಮಟ್ಟಿಗೆ ಅದು ಸರಿಯಾಗಿಯೇ ಇತ್ತು. ಆಮೇಲೆ ಅವರು ದಿನವೂ ಬಳಸುವ ನಳಿಕೆಯನ್ನೇ ತರಿಸಿಕೊಂಡು, ಶಿಶುವಿಗೆ ಬಿಡುವಷ್ಟೇ ನಿಧಾನವಾಗಿ ಅದೇ ಎಮಲ್ಷನ್ ಹರಿಸಿ, ತುದಿಯಲ್ಲಿ ಬಿದ್ದ ಹನಿಗಳನ್ನು ಹಿಡಿದು ನೋಡಿದೆ. ಡಿಇಎಚ್‌ಪಿ ಪೀಕ್ (ಉಪಕರಣದ ಗೆರೆಯಲ್ಲಿ ಏಳುವ ಉಬ್ಬು) ಎದ್ದು ನಿಂತಿತ್ತು. ನಳಿಕೆ ಪಿವಿಸಿಯದಾಗಿತ್ತು.

ಆ ಪ್ರಶ್ನೆಯ ನಂತರ ನನ್ನ ಪರೀಕ್ಷೆಯ ಕ್ರಮವನ್ನು ಬುಡದಿಂದ ಬದಲಿಸಿದೆ. ಈ ಕೆಲಸವನ್ನು ಹೊಸದಾಗಿ ಕೈಗೆತ್ತಿಕೊಳ್ಳುವವರಿಗಾಗಿ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ವಸ್ತುಗಳನ್ನು ಬೇರ್ಪಡಿಸಿ ತೂಕದಿಂದ ಗುರುತಿಸುವ ಜಿಸಿ-ಎಂಎಸ್ ಅಥವಾ ಎಲ್‌ಸಿ-ಎಂಎಸ್/ಎಂಎಸ್ ನಡೆಸಿ ಅಭ್ಯಾಸವಿದ್ದವರಿಗೆ ಉಪಕರಣದ ಭಾಗ ಕಷ್ಟವಾಗದು. ಕಷ್ಟವಿರುವುದು ಅದಕ್ಕೂ ಮೊದಲು.

ಯಾಕೆ ಕೊಬ್ಬಿನ ಮೇಲೆಯೇ ಕಣ್ಣು ಎಂದರೆ, ಪಿವಿಸಿಯನ್ನು ಮೆತ್ತಗೆ ಮಾಡಲು ಬೆರೆಸುವ ಡಿಇಎಚ್‌ಪಿ ಆ ಪ್ಲಾಸ್ಟಿಕ್ಕಿಗೆ ರಾಸಾಯನಿಕವಾಗಿ ಅಂಟಿಕೊಂಡಿರುವುದಿಲ್ಲ. ಮೆತ್ತನೆಯ ವೈದ್ಯಕೀಯ ಪಿವಿಸಿಯಲ್ಲಿ ತೂಕದ ಸುಮಾರು 30ರಿಂದ 40 ಶೇಕಡಾ ಅದೇ ಇರಬಹುದು. ನೀರಿನಲ್ಲಿ ಅದು ಕರಗುವುದು ಇಲ್ಲವೆನ್ನುವಷ್ಟು ಕಡಿಮೆ, ಎಣ್ಣೆ ಸಿಕ್ಕರೆ ಸಲೀಸಾಗಿ ಹೊರಗೆ ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿಟ್ಟ ರಕ್ತಕ್ಕೆ ಪ್ಲಾಸ್ಟಿಸೈಜರ್ ಇಳಿಯುತ್ತದೆಂದು ಜೇಗರ್ ಮತ್ತು ರೂಬಿನ್ 1970ರಲ್ಲೇ ತೋರಿಸಿದ್ದರು. 20 ಶೇಕಡಾ ಸೋಯಾ ಎಣ್ಣೆಯನ್ನು ಮೊಟ್ಟೆಯ ಫಾಸ್ಫೊಲಿಪಿಡ್‌ನಿಂದ ಕದಡಿ ಮಾಡಿದ ಎಮಲ್ಷನ್ ಅಂಥ ಪ್ಲಾಸ್ಟಿಕ್ಕಿನ ಜೊತೆ ಗಂಟೆಗಟ್ಟಲೆ ಇದ್ದರೆ ಏನಾಗುತ್ತದೆಂದು ಊಹಿಸಬಹುದು. ಗ್ಲೂಕೋಸ್, ಅಮೈನೊ ಆಮ್ಲ, ಲವಣಗಳ ನೀರುದ್ರಾವಣಕ್ಕೆ ಇಳಿಯುವುದು ತೀರಾ ಕಡಿಮೆ. ಆದರೆ ಅದಕ್ಕೆ ಪಾಲಿಸಾರ್ಬೇಟ್ 80 ಇರುವ ವಿಟಮಿನ್ ಮಿಶ್ರಣ ಸೇರಿಸಿದ್ದರೆ ಲೆಕ್ಕ ಬದಲಾಗುತ್ತದೆ. ಅದು ಸಾಬೂನಿನಂತೆ ಕೆಲಸ ಮಾಡಿ ಡಿಇಎಚ್‌ಪಿಯನ್ನು ಎಳೆಯುತ್ತದೆ. ಹಾಗಾಗಿ 'ಇದರಲ್ಲಿ ಕೊಬ್ಬಿಲ್ಲ' ಎಂದು ಸ್ಯಾಂಪಲ್ ಬದಿಗಿಡುವ ಮೊದಲು ಒಳಗೆ ಏನೇನು ಬೆರೆಸಿದ್ದಾರೆಂದು ಕೇಳಿ ತಿಳಿದುಕೊಳ್ಳಿ.

ಮೊದಲು ಪ್ಲಾಸ್ಟಿಕ್ ನೋಡಿ

ದ್ರವಕ್ಕೆ ಕೈ ಹಾಕುವ ಮೊದಲು ಅದು ಮುಟ್ಟುವ ಪ್ರತಿಯೊಂದು ತುಂಡನ್ನೂ ಮೇಜಿನ ಮೇಲೆ ಹರಡಿ: ಚೀಲ, ಅದರ ಬಾಯಿಯ ಕೊಳವೆ, ಸಿರಿಂಜ್, ಉದ್ದ ನಳಿಕೆ, ಫಿಲ್ಟರ್, ಮೂರು ದಾರಿಯ ಕೀಲು, ಕೊನೆಯ ಕ್ಯಾತಿಟರ್. ಚೀಲ ಇವಿಎ ಅಥವಾ ಪಾಲಿಪ್ರೊಪಿಲೀನ್ ಆಗಿದ್ದರೂ ಅದರ ಬಾಯಿಗೆ ಅಂಟಿಸಿದ ಗಿಡ್ಡ ಕೊಳವೆ ಪಿವಿಸಿಯದಾಗಿರಬಹುದು. ಚೀಲದ ಮೇಲೆ ಅಚ್ಚಾದ ಹೆಸರು ಚೀಲದ ಹಾಳೆಗೆ ಮಾತ್ರ ಸಲ್ಲುತ್ತದೆ.

ಇನ್‌ಫ್ರಾರೆಡ್ ಬೆಳಕಿನಲ್ಲಿ ಪ್ಲಾಸ್ಟಿಕ್ ಗುರುತಿಸುವ, ಎಟಿಆರ್ (ತುಂಡನ್ನು ನೇರವಾಗಿ ಒತ್ತಿ ನೋಡುವ ಭಾಗ) ಜೋಡಿಸಿದ ಎಫ್‌ಟಿಐಆರ್ ಇದ್ದರೆ ಒಂದು ನಿಮಿಷದ ಕೆಲಸ. 1720 cm⁻¹ರ ಆಸುಪಾಸಿನಲ್ಲಿ ಎಸ್ಟರಿನ ದೊಡ್ಡ ಪಟ್ಟೆ, ಜೊತೆಗೆ 1600 ಮತ್ತು 1580ರಲ್ಲಿ ಜೋಡಿಯಾಗಿ ನಿಂತ ಎರಡು ಚಿಕ್ಕ ಪಟ್ಟೆ ಕಂಡರೆ ಥ್ಯಾಲೇಟ್ (ಡಿಇಎಚ್‌ಪಿ ಸೇರಿದ ರಾಸಾಯನಿಕ ಗುಂಪು) ಇದೆಯೆಂದು ಬಲವಾಗಿ ಸಂಶಯಪಡಿ. ಎಫ್‌ಟಿಐಆರ್ ಇಲ್ಲದಿದ್ದರೆ ತಾಮ್ರದ ತಂತಿಯ ಹಳೆಯ ಪರೀಕ್ಷೆ ಇದೆ: ಕಾದ ತಂತಿಯನ್ನು ಪ್ಲಾಸ್ಟಿಕ್ಕಿಗೆ ಮುಟ್ಟಿಸಿ ಮತ್ತೆ ಜ್ವಾಲೆಗೆ ಹಿಡಿದಾಗ ಹಸಿರು ಬಣ್ಣ ಬಂದರೆ ಕ್ಲೋರಿನ್ ಇದೆ, ಅಂದರೆ ಪಿವಿಸಿ ಇರುವ ಸಾಧ್ಯತೆ ಹೆಚ್ಚು. ಇದನ್ನು ಹೊಗೆಕಪಾಟಿನ ಒಳಗೆ ಮಾತ್ರ ಮಾಡಿ, ಆ ಹೊಗೆ ಕುಡಿಯುವಂಥದ್ದಲ್ಲ.

ಎಲ್ಲ ಪಿವಿಸಿಯಲ್ಲೂ ಡಿಇಎಚ್‌ಪಿಯೇ ಇರುತ್ತದೆಂದಲ್ಲ. ಟಿಒಟಿಎಂ, ಡಿಐಎನ್‌ಸಿಎಚ್, ಡಿಇಎಚ್‌ಟಿ, ಎಟಿಬಿಸಿ ಇಂಥ ಬೇರೆ ಪ್ಲಾಸ್ಟಿಸೈಜರ್‌ಗಳನ್ನೂ ಹಾಕುತ್ತಾರೆ. 'ಡಿಇಎಚ್‌ಪಿ ಇಲ್ಲ' ಎಂದು ಬರೆದ ನಳಿಕೆಯಿಂದ ಏನೂ ಇಳಿಯುವುದಿಲ್ಲ ಎಂದು ತಿಳಿಯಬೇಡಿ, ಬೇರೊಂದು ಇಳಿಯುತ್ತಿರಬಹುದು. ನಳಿಕೆಯ ಚಿಕ್ಕ ಚೂರನ್ನು ಹೆಕ್ಸೇನ್‌ನಲ್ಲಿ ನೆನೆಸಿ, ತುಂಬಾ ತೆಳುವಾಗಿಸಿ ಒಂದು ಸಲ ಪೂರ್ಣ ಸ್ಕ್ಯಾನ್‌ನಲ್ಲಿ ಓಡಿಸಿದರೆ ಯಾವುದನ್ನು ಹುಡುಕಬೇಕೆಂಬುದು ಸ್ಪಷ್ಟವಾಗುತ್ತದೆ. ಆ ಚೂರಿನ ದ್ರಾವಣವನ್ನು ಸ್ಯಾಂಪಲ್‌ಗಳಿರುವ ಕೋಣೆಯಲ್ಲಿ ತೆರೆಯಬೇಡಿ. ಅದರ ಒಂದು ಹನಿ ಒಂದು ವಾರದ ಕೆಲಸವನ್ನು ಕೆಡಿಸಬಲ್ಲದು.

ಬ್ಲ್ಯಾಂಕ್

ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದಿನ ತಿನ್ನುವುದು ಬ್ಲ್ಯಾಂಕ್, ಅಂದರೆ ಸ್ಯಾಂಪಲ್ ಇಲ್ಲದೆ ನಡೆಸುವ ಓಟ, ತಿನ್ನಬೇಕಾದದ್ದೂ ಇದೇ. ನಾವು ಹುಡುಕುತ್ತಿರುವ ವಸ್ತು ಗಾಳಿಯ ಧೂಳಿನಲ್ಲಿದೆ, ನೆಲಹಾಸಿನಲ್ಲಿದೆ, ಕೈಗವಸಿನಲ್ಲಿದೆ, ಸಾಲ್ವೆಂಟ್ ಬಾಟಲಿಯ ಮುಚ್ಚಳದಲ್ಲಿದೆ. ಬೇಲಿಯೇ ಎದ್ದು ಹೊಲ ಮೇಯುವ ಪರಿಸ್ಥಿತಿ.

ಮೊದಮೊದಲು ನನಗೆ ಸೋಮವಾರದ ಬ್ಲ್ಯಾಂಕ್‌ಗಳು ಮಾತ್ರ ಎತ್ತರಕ್ಕೆ ಬರುತ್ತಿದ್ದವು. ಸಾಲ್ವೆಂಟ್ ಬದಲಿಸಿದೆ, ಲೈನರ್ ಬದಲಿಸಿದೆ, ಸೆಪ್ಟಮ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಒಂದು ಶುಕ್ರವಾರ ಸಂಜೆ ಹೆಕ್ಸೇನ್‌ನಿಂದ ತೊಳೆದ ಮೂರು ಗಾಜಿನ ಪೆಟ್ರಿ ತಟ್ಟೆಗಳನ್ನು ಇಟ್ಟು ಹೋದೆ: ಒಂದು ಮೇಜಿನ ಮೇಲೆ ಬಾಯಿ ತೆರೆದು, ಒಂದು ಕಪಾಟಿನಲ್ಲಿ, ಇನ್ನೊಂದು ಫಾಯಿಲ್ ಮುಚ್ಚಿ. ಸೋಮವಾರ ಮೂರನ್ನೂ ಹೆಕ್ಸೇನ್‌ನಲ್ಲಿ ತೊಳೆದು ಓಡಿಸಿದಾಗ ತೆರೆದಿಟ್ಟ ತಟ್ಟೆಯಲ್ಲಿ ಡಿಇಎಚ್‌ಪಿ ಇತ್ತು, ಮುಚ್ಚಿದ್ದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಾನು ವಾರದ ಕೊನೆಗೆ ಸುಟ್ಟು ತೆಗೆದ ಗಾಜಿನ ಸಾಮಾನನ್ನು ಎರಡು ದಿನ ಹಾಗೇ ತೆರೆದಿಟ್ಟು ಹೋಗುತ್ತಿದ್ದೆ, ಆ ಕೋಣೆಯ ನೆಲಕ್ಕೆ ವಿನೈಲ್ ಹಾಳೆ ಹಾಸಿತ್ತು. ಈ ತಟ್ಟೆಯ ಪರೀಕ್ಷೆಯನ್ನು ನೀವೂ ಮೊದಲ ವಾರದಲ್ಲೇ ಮಾಡಿ. ನಿಮ್ಮ ಕೋಣೆಯ ಗುಣ ಗೊತ್ತಾಗುತ್ತದೆ.

ನಾನು ಪಾಲಿಸುವ ಕಟ್ಟುಪಾಡು ಹೀಗಿದೆ. ಗಾಜಿನ ಟ್ಯೂಬು, ವಯಲ್, ಪಾಶ್ಚರ್ ಪಿಪೆಟ್, ಸೋಡಿಯಂ ಸಲ್ಫೇಟ್, ಅಲ್ಯೂಮಿನಿಯಂ ಫಾಯಿಲ್ ಎಲ್ಲವೂ 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲ್ಕು ಗಂಟೆ. ಅಳತೆಯ ಫ್ಲಾಸ್ಕ್‌ಗಳನ್ನು ಸುಡಬಾರದು, ಅಳತೆ ಕೆಡುತ್ತದೆ. ಅವನ್ನು ಅಸಿಟೋನ್, ಆಮೇಲೆ ಹೆಕ್ಸೇನ್‌ನಿಂದ ಮೂರು ಸಲ ತೊಳೆಯಬೇಕು. ಕುಲುಮೆಯಿಂದ ತೆಗೆದ ಕೂಡಲೇ ಬಾಯಿಗೆ ಸುಟ್ಟ ಫಾಯಿಲ್ ಮುಚ್ಚಿ, ಅದೇ ದಿನ ಅಥವಾ ಮರುದಿನ ಬಳಸಿ ಮುಗಿಸುತ್ತೇನೆ. ವಿನೈಲ್ ಕೈಗವಸು ಕೋಣೆಯೊಳಗೆ ಬರಕೂಡದು, ನೈಟ್ರೈಲ್ ಮಾತ್ರ. ಅದರಲ್ಲೂ ಸಾಲ್ವೆಂಟ್ ತಗಲಿದ ಬೆರಳು ಟ್ಯೂಬಿನ ಅಂಚಿಗೆ ತಾಗಬಾರದು. ಪ್ಯಾರಾಫಿಲ್ಮ್ ಬೇಡ, ಪ್ಲಾಸ್ಟಿಕ್ ಸಿರಿಂಜ್ ಫಿಲ್ಟರ್ ಬೇಡ. ಪ್ಲಾಸ್ಟಿಕ್ ಟಿಪ್ ಬದಲು ಗಾಜಿನ ಸಿರಿಂಜ್. ಮುಚ್ಚಳಕ್ಕೆ ಪಿಟಿಎಫ್‌ಇ (ಟೆಫ್ಲಾನ್) ಪದರ ಇರಲಿ. ಸಾರವನ್ನು ಒಣಗಿಸುವ ನೈಟ್ರೋಜನ್ ಗಾಳಿ ಪ್ಲಾಸ್ಟಿಕ್ ಕೊಳವೆಯಲ್ಲಿ ಬರುತ್ತಿದ್ದರೆ ಅದನ್ನು ತಾಮ್ರ ಅಥವಾ ಸ್ಟೀಲಿಗೆ ಬದಲಿಸಿ. ಸಾಲ್ವೆಂಟಿನ ಪ್ರತಿ ಹೊಸ ಬಾಟಲಿಯನ್ನೂ ತೆರೆದ ದಿನವೇ ಓಡಿಸಿ ನೋಡಿ.

ಇಷ್ಟು ಮಾಡಿದರೂ ಬ್ಲ್ಯಾಂಕ್ ಸೊನ್ನೆಗೆ ಬರುವುದಿಲ್ಲ. ನಮಗೆ ಬೇಕಾದದ್ದು ಅದು ದಿನದಿಂದ ದಿನಕ್ಕೆ ಕುಣಿಯದಿರುವುದು. ಬೇರೆ ಬೇರೆ ದಿನ ಕನಿಷ್ಠ ಹತ್ತು ಪೂರ್ಣ ಬ್ಲ್ಯಾಂಕ್ ಮಾಡಿ. ಪೂರ್ಣ ಎಂದರೆ ಸ್ಯಾಂಪಲ್ ಒಂದನ್ನು ಬಿಟ್ಟು ಉಳಿದ ಎಲ್ಲ ಹೆಜ್ಜೆಗಳೂ ಇರುವಂಥದ್ದು. ಅವುಗಳ ಸರಾಸರಿಗೆ ಪ್ರಮಾಣ ವಿಚಲನೆಯ ಮೂರು ಪಟ್ಟು ಕೂಡಿಸಿದರೆ ಪತ್ತೆಯ ಮಿತಿ, ಹತ್ತು ಪಟ್ಟು ಕೂಡಿಸಿದರೆ ಅಳತೆಯ ಮಿತಿ. ಉಪಕರಣದ ಸಿಗ್ನಲ್ ಮತ್ತು ಗದ್ದಲದ ಅನುಪಾತದಿಂದ ತೆಗೆದ ಮಿತಿ ಇಲ್ಲಿ ಅರ್ಥಹೀನ. ಉಪಕರಣ ಎಷ್ಟು ಚಿಕ್ಕದನ್ನು ಕಂಡರೇನು, ನಮ್ಮ ಕೋಣೆ ಅದಕ್ಕಿಂತ ಹೆಚ್ಚು ಸೇರಿಸುತ್ತಿರುತ್ತದೆ.

ಹನಿ ಹಿಡಿಯುವುದು

ಈಗ ಫಾರ್ಮಸಿಸ್ಟ್ ಕೇಳಿದ ಪ್ರಶ್ನೆಗೆ ಬರೋಣ. 1.2 ಕಿಲೊ ತೂಕದ ಮಗುವಿಗೆ ದಿನಕ್ಕೆ ಕಿಲೊಗೆ 3 ಗ್ರಾಂ ಕೊಬ್ಬು ಎಂದರೆ 20 ಶೇಕಡಾ ಎಮಲ್ಷನ್ ಕಿಲೊಗೆ 15 ಮಿಲಿ, ಒಟ್ಟು 18 ಮಿಲಿ. 24 ಗಂಟೆಯಲ್ಲಿ ಹರಿಸಿದರೆ ಗಂಟೆಗೆ 0.75 ಮಿಲಿ. ಒಳವ್ಯಾಸ 3 ಮಿಲಿಮೀಟರ್, ಉದ್ದ 150 ಸೆಂಟಿಮೀಟರ್ ಇರುವ ನಳಿಕೆಯಲ್ಲಿ ಸುಮಾರು 10.6 ಮಿಲಿ ಹಿಡಿಯುತ್ತದೆ. ಅಂದರೆ ಒಂದೊಂದು ಹನಿಯೂ ಆ ಗೋಡೆಯ ನಡುವೆ 14 ಗಂಟೆ ಕಳೆದು ಬರುತ್ತದೆ. ಅದೇ ನಳಿಕೆಯಲ್ಲಿ ದೊಡ್ಡವರಿಗೆ ಗಂಟೆಗೆ 80 ಮಿಲಿ ಹರಿಸಿದರೆ ಎಂಟೇ ನಿಮಿಷ. ಒಳವ್ಯಾಸ 1 ಮಿಲಿಮೀಟರ್ ಆಗಿದ್ದರೆ ಮಗುವಿನ ಹನಿಗೂ ಒಂದೂವರೆ ಗಂಟೆ ಸಾಕು, ತಾಗುವ ಗೋಡೆಯೂ ಮೂರನೇ ಒಂದು ಭಾಗ. ಅತಿ ಚಿಕ್ಕ ಮೈಗೆ ಅತಿ ನಿಧಾನದ ಹರಿವು, ಅತಿ ನಿಧಾನದ ಹರಿವಿಗೆ ಅತಿ ಹೆಚ್ಚು ಸಂಪರ್ಕ. ಈ ಲೆಕ್ಕವನ್ನು ಮೊದಲ ಸಲ ಕಾಗದದ ಮೇಲೆ ಬರೆದಾಗ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಗಡಿಬಿಡಿಯಲ್ಲಿ ವೇಗ ಹೆಚ್ಚಿಸಿ ಎರಡು ಗಂಟೆಯಲ್ಲಿ ಪರೀಕ್ಷೆ ಮುಗಿಸಿದರೆ ಬರುವ ಅಂಕಿ ಯಾವ ಮಗುವಿಗೂ ಸಂಬಂಧಿಸಿದ್ದಲ್ಲ.

ಆದ್ದರಿಂದ ಬಳಸುವ ಸಿರಿಂಜ್ ಪಂಪ್, ಬಳಸುವ ಸಿರಿಂಜ್, ಬಳಸುವ ನಳಿಕೆ, ಬಳಸುವ ಫಿಲ್ಟರ್ ಎಲ್ಲವನ್ನೂ ಇದ್ದಂತೆಯೇ ಜೋಡಿಸಿ. ಕೊಬ್ಬಿರುವ ಮಿಶ್ರಣಕ್ಕೆ 1.2 ಮೈಕ್ರಾನ್ ಫಿಲ್ಟರ್ ಹಾಕುವ ರೂಢಿಯಿದ್ದರೆ ಅದೂ ಇರಲಿ. ನಳಿಕೆಯ ಎಷ್ಟು ಭಾಗ ಇನ್‌ಕ್ಯುಬೇಟರಿನ ಬೆಚ್ಚಗಿನ ಗಾಳಿಯಲ್ಲಿರುತ್ತದೆಂದು ಕೇಳಿ, ಅಷ್ಟನ್ನು ಅದೇ ಶಾಖದಲ್ಲಿಡಿ. ಬಿಸಿ ಹೆಚ್ಚಿದಷ್ಟೂ ಇಳಿತ ಹೆಚ್ಚು. ಪಕ್ಕದಲ್ಲಿ ಜೋಡಿ ಓಟವೊಂದು ನಡೆಯಲಿ: ಅದೇ ಎಮಲ್ಷನ್, ಗಾಜಿನ ಸಿರಿಂಜ್, ಪಿಟಿಎಫ್‌ಇ ಅಥವಾ ಸ್ಟೀಲಿನ ಕೊಳವೆ. ಎರಡರ ವ್ಯತ್ಯಾಸವೇ ನಳಿಕೆಯ ಪಾಲು.

ತೂಕ ನೋಡಿಟ್ಟ ಗಾಜಿನ ವಯಲ್‌ಗಳಲ್ಲಿ ಹನಿ ಹಿಡಿಯಿರಿ. ನಳಿಕೆಯಲ್ಲಿ ಮೊದಲೇ ತುಂಬಿ ನಿಂತಿದ್ದ ದ್ರವವನ್ನು ಚೆಲ್ಲದೆ ಬೇರೆಯೇ ವಯಲ್‌ಗೆ ಹಾಕಿ. ಹಿಂದಿನ ದಿನವೇ ನಳಿಕೆ ತುಂಬಿಸಿ ಕಳಿಸುವ ಕಡೆಗಳಲ್ಲಿ ಅದನ್ನು ಅಷ್ಟೇ ಹೊತ್ತು ನಿಲ್ಲಿಸಿಯೇ ಓಟ ಶುರು ಮಾಡಬೇಕು. ನಂತರ ಗಂಟೆಗಳ ಅಂತರದಲ್ಲಿ ವಯಲ್ ಬದಲಿಸುತ್ತಾ 24 ಗಂಟೆ ಮುಗಿಸಿ. ರಾತ್ರಿ ಯಾರಾದರೂ ಇರಲೇಬೇಕಾಗುತ್ತದೆ. ನಾನು ಇರುತ್ತೇನೆ.

ಎಮಲ್ಷನ್ ವಯಲ್ ನಿಂತಲ್ಲೇ ನಿಂತರೆ ಮೇಲೆ ಕೆನೆ ಕಟ್ಟುತ್ತದೆ, ಡಿಇಎಚ್‌ಪಿ ಕೆನೆಯಲ್ಲೇ ಇರುತ್ತದೆ. ಅಳೆಯುವ ಮೊದಲು ನಿಧಾನವಾಗಿ ಹತ್ತಾರು ಸಲ ತಲೆಕೆಳಗು ಮಾಡಿ. ನೀರುದ್ರಾವಣದ್ದು ಬೇರೆ ತೊಂದರೆ: ಅದರಲ್ಲಿ ಡಿಇಎಚ್‌ಪಿ ಗಾಜಿನ ಗೋಡೆಗೆ ಅಂಟಿಕೊಳ್ಳುತ್ತದೆ. ಅದರಿಂದ ಒಂದು ಪಾಲು ತೆಗೆಯಲು ಹೋಗಬೇಡಿ. ಇಡೀ ವಯಲ್‌ಗೇ ಸಾಲ್ವೆಂಟ್ ಸುರಿದು ಅಲ್ಲಿಯೇ ಸಾರ ತೆಗೆಯಿರಿ.

ಕೊಬ್ಬಿನಿಂದ ಬಿಡಿಸುವುದು

ಅರ್ಧ ಮಿಲಿ ಎಮಲ್ಷನ್ ಸುಟ್ಟ ಗಾಜಿನ ಟ್ಯೂಬಿಗೆ ಹಾಕಿ, ಮೊದಲ ಕೆಲಸವಾಗಿ ಡಿಇಎಚ್‌ಪಿ-ಡಿ4 ಅನ್ನು ಗೊತ್ತಾದ ಪ್ರಮಾಣದಲ್ಲಿ ಸೇರಿಸಿ. ಬೆಂಜೀನ್ ಉಂಗುರದ ನಾಲ್ಕು ಹೈಡ್ರೋಜನ್‌ಗಳ ಜಾಗದಲ್ಲಿ ಡ್ಯೂಟೀರಿಯಂ ಇರುವ ಈ ಅವಳಿ ನಿಜವಾದ ಡಿಇಎಚ್‌ಪಿಯ ಜೊತೆಗೇ ನಡೆಯುತ್ತದೆ. ಎಣ್ಣೆಯಲ್ಲಿ ಒಂದಿಷ್ಟು ಉಳಿದರೆ ಎರಡೂ ಒಂದೇ ಪ್ರಮಾಣದಲ್ಲಿ ಉಳಿಯುತ್ತವೆ, ಅನುಪಾತ ಕೆಡುವುದಿಲ್ಲ. ಆದರೆ ಕೋಣೆಯಿಂದ ಬಿದ್ದ ಡಿಇಎಚ್‌ಪಿಯನ್ನು ಅದು ಸರಿಪಡಿಸಲಾರದು. ಅದಕ್ಕೆ ಬ್ಲ್ಯಾಂಕ್ ಒಂದೇ ದಾರಿ.

ಮುಚ್ಚಿ, ಅರ್ಧ ಗಂಟೆ ಆಗಾಗ ಅಲುಗಿಸುತ್ತಾ ಬಿಡಿ. ಆಮೇಲೆ 5 ಮಿಲಿ ಅಸಿಟೋನೈಟ್ರೈಲ್ ಹಾಕಿ ಹತ್ತು ನಿಮಿಷ ಜೋರಾಗಿ ಕುಲುಕಿ. ಎಮಲ್ಷನ್ ಒಡೆದು, ಎಣ್ಣೆ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಟ್ಯೂಬನ್ನು ಮೈನಸ್ 20 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೆ ಕೊಬ್ಬು ಗಟ್ಟಿಯಾಗುತ್ತದೆ, ಅಸಿಟೋನೈಟ್ರೈಲ್ ದ್ರವವಾಗಿಯೇ ಇರುತ್ತದೆ. ತಣ್ಣಗಿರುವಾಗಲೇ ಸೆಂಟ್ರಿಫ್ಯೂಜ್ ತಿರುಗಿಸಿ, ಮೇಲಿನ ತಿಳಿಯನ್ನು ಪಾಶ್ಚರ್ ಪಿಪೆಟ್‌ನಿಂದ ತೆಗೆಯಿರಿ. ಕೋಣೆಯ ಶಾಖಕ್ಕೆ ಬಂದ ಮೇಲೆ ತೆಗೆದರೆ ಕೊಬ್ಬು ಮತ್ತೆ ಕರಗಿ ಜೊತೆಗೆ ಬರುತ್ತದೆ. ಮೊದಲ ಕೆಲವು ಸಲ ತಳದ ಎಣ್ಣೆಗೆ ಮತ್ತೆ ಅಸಿಟೋನೈಟ್ರೈಲ್ ಹಾಕಿ ಎಷ್ಟು ಉಳಿದಿತ್ತೆಂದು ನೋಡಿಕೊಳ್ಳಿ.

ಎಲ್‌ಸಿಗೆ ಈ ತಿಳಿ ನೇರವಾಗಿ ಹೋಗಬಹುದು. ಜಿಸಿಗಾದರೆ ಸೋಡಿಯಂ ಸಲ್ಫೇಟ್‌ನಿಂದ ನೀರು ತೆಗೆದು, ಅಸಿಟೋನೈಟ್ರೈಲನ್ನು ಹೆಕ್ಸೇನ್‌ಗೆ ಬದಲಿಸಬೇಕು. ಅಲ್ಲಿ ಉಳಿದ ಟ್ರೈಗ್ಲಿಸರೈಡ್ ಲೈನರ್‌ನಲ್ಲಿ ಕೂತು ಮುಂದಿನ ಓಟಗಳನ್ನೆಲ್ಲ ಕಾಡುತ್ತದೆ. ಜಿಸಿಯೊಂದೇ ಇರುವವರಿಗೆ ಜೆಲ್ ಪರ್ಮಿಯೇಷನ್ ಕಾಲಮ್ ಒಳ್ಳೆಯ ದಾರಿ, ಯಾಕೆಂದರೆ ಸೋಯಾ ಎಣ್ಣೆಯ ಟ್ರೈಗ್ಲಿಸರೈಡ್‌ನ ಅಣುತೂಕ ಸುಮಾರು 880, ಡಿಇಎಚ್‌ಪಿಯದು 390. ಕೊಬ್ಬು ಮೊದಲು ಹೊರಬರುತ್ತದೆ.

ಸ್ಟ್ಯಾಂಡರ್ಡ್‌ಗಳನ್ನು ಬರೀ ಸಾಲ್ವೆಂಟ್‌ನಲ್ಲಿ ಮಾಡದೆ ಗಾಜಿನ ಬಾಟಲಿಯಲ್ಲಿ ತುಂಬಿ ಬಂದ ಎಮಲ್ಷನ್‌ಗೆ ಸೇರಿಸಿ ಮಾಡಿ. ಅದನ್ನು ಮುಚ್ಚಳಕ್ಕೆ ಸೂಜಿ ಚುಚ್ಚಿ ತೆಗೆಯುವುದಕ್ಕಿಂತ ರಬ್ಬರ್ ಬಿರಡೆಯನ್ನು ಪೂರ್ತಿ ತೆಗೆದು ಸುರಿಯುವುದು ಲೇಸು.

ಉಪಕರಣದ ಮುಂದೆ

ಜಿಸಿ-ಎಂಎಸ್‌ನಲ್ಲಿ ಡಿಇಎಚ್‌ಪಿಗೆ 149, 167, 279 ಅಯಾನುಗಳು, ಡಿ4 ಅವಳಿಗೆ 153, 171, 283. 149 ಒಂದನ್ನೇ ನಂಬಬೇಡಿ, ಬಹುತೇಕ ಎಲ್ಲ ಥ್ಯಾಲೇಟ್‌ಗಳೂ ಅದನ್ನು ಕೊಡುತ್ತವೆ. 167 ಮತ್ತು 279ರ ಅನುಪಾತ ಸ್ಟ್ಯಾಂಡರ್ಡ್‌ನಲ್ಲಿದ್ದಂತೆಯೇ ಇರಬೇಕು. ಎಲ್‌ಸಿ-ಎಂಎಸ್/ಎಂಎಸ್‌ನಲ್ಲಿ 391ರಿಂದ 149 ಮತ್ತು 167, ಅವಳಿಗೆ 395ರಿಂದ 153.

ಡಿಇಎಚ್‌ಟಿಯ ಬಗ್ಗೆ ಎಚ್ಚರ. ಡಿಇಎಚ್‌ಪಿಗೂ ಅದಕ್ಕೂ ಅಣುಸೂತ್ರ ಒಂದೇ, ತೂಕ ಒಂದೇ. ಡೈ-ಎನ್-ಆಕ್ಟೈಲ್ ಥ್ಯಾಲೇಟ್ ಕೂಡ ಹಾಗೇ. ತೂಕ ನೋಡಿ ಇವನ್ನು ಬೇರ್ಪಡಿಸಲಾಗದು, ಕಾಲಮ್‌ನಿಂದ ಹೊರಬರುವ ಸಮಯದಿಂದಲೇ ಗುರುತಿಸಬೇಕು. ಮೂರರ ಸ್ಟ್ಯಾಂಡರ್ಡನ್ನೂ ಓಡಿಸಿ, ಮೂರೂ ಬೇರೆಬೇರೆಯಾಗಿ ನಿಲ್ಲುತ್ತವೆಂದು ಖಚಿತವಾದ ಮೇಲೆಯೇ ಸ್ಯಾಂಪಲ್ ಹಾಕಿ. ಡಿಇಎಚ್‌ಪಿ ಇಲ್ಲದ ನಳಿಕೆಯನ್ನು ಡಿಇಎಚ್‌ಪಿ ಇರುವುದೆಂದು ಬರೆದರೆ ಒಳ್ಳೆಯ ಸಾಮಾನನ್ನು ಬಿಡಿಸಿ ಕೆಟ್ಟದ್ದನ್ನು ತರಿಸಿದ ಹಾಗಾದೀತು.

ಎಲ್‌ಸಿಯ ಸಾಲ್ವೆಂಟ್, ಪಂಪ್ ಎರಡರಿಂದಲೂ ಡಿಇಎಚ್‌ಪಿ ಹರಿದು ಬರುತ್ತದೆ. ಮಿಕ್ಸರ್‌ಗೂ ಇಂಜೆಕ್ಟರ್‌ಗೂ ನಡುವೆ ಒಂದು ಗಿಡ್ಡ ಸಿ18 ಕಾಲಮ್ ಜೋಡಿಸಿ. ಆಗ ವ್ಯವಸ್ಥೆಯಿಂದ ಬಂದದ್ದು ಅಲ್ಲಿ ತಡವಾಗಿ, ಸ್ಯಾಂಪಲಿನ ಪೀಕ್‌ನ ಹಿಂದೆ ಬೇರೆಯೇ ಪೀಕ್ ಆಗಿ ಬರುತ್ತದೆ. ಮೊದಲ ಸಲ ಎರಡು ಪೀಕ್ ನೋಡಿದಾಗ ಗಾಬರಿಯಾಗಬೇಡಿ, ಮೊದಲನೆಯದು ಮಾತ್ರ ಸ್ಯಾಂಪಲಿನದು.

ಸಾಧ್ಯವಿದ್ದರೆ ಎಂಇಎಚ್‌ಪಿಯನ್ನೂ ನೋಡಿ. ಡಿಇಎಚ್‌ಪಿಯ ಒಂದು ಕೈ ಕಳಚಿ ಆಗುವ ಈ ವಸ್ತುವೇ ಮೈಯಲ್ಲಿ ಹೆಚ್ಚು ಹಾನಿ ಮಾಡುವುದು. ಋಣ ಅಯಾನು ಕ್ರಮದಲ್ಲಿ 277ರಿಂದ 134.

ಓಟದ ಸಾಲಿನಲ್ಲಿ ಐದು ಸ್ಯಾಂಪಲ್‌ಗೊಂದು ಪೂರ್ಣ ಬ್ಲ್ಯಾಂಕ್ ಇರಲಿ, ಹೆಚ್ಚಿನ ಸ್ಟ್ಯಾಂಡರ್ಡ್ ಆದ ಕೂಡಲೇ ಬರೀ ಸಾಲ್ವೆಂಟ್ ಇರಲಿ. ಬ್ಲ್ಯಾಂಕ್ ಸ್ಥಿರವಾಗಿದ್ದರೆ ಮಾತ್ರ ಅದರ ಸರಾಸರಿಯನ್ನು ಕಳೆಯಿರಿ. ಕುಣಿಯುವ ಬ್ಲ್ಯಾಂಕ್ ಕಳೆದು ಪಡೆದ ಅಂಕಿಯನ್ನು ನಾನು ಯಾರಿಗೂ ಕೊಡುವುದಿಲ್ಲ, ಆ ದಿನದ ಕೆಲಸವನ್ನೇ ರದ್ದು ಮಾಡಿ ಮತ್ತೆ ಮಾಡುತ್ತೇನೆ.

ವರದಿ

ಪ್ರತಿ ಮಿಲಿಗೆ ಇಷ್ಟು ಮೈಕ್ರೊಗ್ರಾಂ ಎಂದಷ್ಟೇ ಬರೆದರೆ ವಾರ್ಡಿನಲ್ಲಿರುವವರಿಗೆ ಏನೂ ತಿಳಿಯದು. ಉದಾಹರಣೆಗೆ ತುದಿಯ ಹನಿಯಲ್ಲಿ ಮಿಲಿಗೆ 10 ಮೈಕ್ರೊಗ್ರಾಂ ಬಂತೆನ್ನಿ. ಕಿಲೊಗೆ 15 ಮಿಲಿ ಪಡೆಯುವ ಮಗುವಿಗೆ ಅದು ದಿನಕ್ಕೆ ಕಿಲೊಗೆ 150 ಮೈಕ್ರೊಗ್ರಾಂ. ಅಮೆರಿಕದ ಎಫ್‌ಡಿಎ 2001ರ ತನ್ನ ಸುರಕ್ಷತಾ ಮೌಲ್ಯಮಾಪನದಲ್ಲಿ ರಕ್ತನಾಳದ ಮೂಲಕ ಸೇರುವ ಡಿಇಎಚ್‌ಪಿಗೆ ಇಟ್ಟ ಸಹನೀಯ ಪ್ರಮಾಣ ದಿನಕ್ಕೆ ಕಿಲೊಗೆ 0.6 ಮಿಲಿಗ್ರಾಂ, ಅಂದರೆ 600 ಮೈಕ್ರೊಗ್ರಾಂ. ನಾಲ್ಕನೇ ಒಂದು ಭಾಗ ಈ ಒಂದು ನಳಿಕೆಯಿಂದಲೇ ಬಂದಂತಾಯಿತು. ಅದೇ ಮಗುವಿಗೆ ರಕ್ತ ಕೊಡುತ್ತಿರಬಹುದು, ಉಸಿರಾಟದ ಕೊಳವೆ ಹಾಕಿರಬಹುದು, ಅವುಗಳ ಪಾಲು ಇದಕ್ಕೆ ಸೇರುತ್ತದೆ. ಗಂಡು ನವಜಾತ ಶಿಶುಗಳಿಗೆ, ಗಂಡು ಶಿಶುವನ್ನು ಹೊತ್ತ ಗರ್ಭಿಣಿಯರಿಗೆ ಡಿಇಎಚ್‌ಪಿ ಇಲ್ಲದ ಸಾಧನಗಳನ್ನು ಪರಿಗಣಿಸಬೇಕೆಂದು ಅದೇ ಸಂಸ್ಥೆ 2002ರಲ್ಲಿ ತಿಳಿಸಿದ್ದನ್ನೂ ನಾನು ವರದಿಯಲ್ಲಿ ಸೇರಿಸುತ್ತೇನೆ.

ಪೋಷಣೆ ನಿಲ್ಲಿಸಬೇಕೆಂದು ಓದುವಂಥ ವಾಕ್ಯ ಮಾತ್ರ ವರದಿಯಲ್ಲಿ ಬರಬಾರದು. ಆ ಕೊಬ್ಬು ಮಗುವನ್ನು ಬದುಕಿಸುತ್ತಿದೆ. ಬದಲಾಗಬೇಕಾದದ್ದು ನಳಿಕೆ, ಅದರ ವ್ಯಾಸ, ಅದು ತುಂಬಿ ನಿಲ್ಲುವ ಹೊತ್ತು. ಯಾವ ತುಂಡಿನಿಂದ ಎಷ್ಟು ಇಳಿಯಿತೆಂದು ಬಿಡಿಸಿ ಬರೆದರೆ ಬದಲಿಸಬೇಕಾದದ್ದು ಓದಿದವರಿಗೆ ತಾನಾಗಿ ಕಾಣುತ್ತದೆ.

ಉಳಿದಂತೆ ಎಮಲ್ಷನ್ ಮತ್ತು ನಳಿಕೆಯ ಲಾಟ್ ನಂಬರ್, ಪ್ಲಾಸ್ಟಿಕ್ಕಿನ ಗುರುತು, ತುಂಬಿಸಿದ ಗಂಟೆ, ಶಾಖ, ಹರಿವಿನ ವೇಗ, ಬ್ಲ್ಯಾಂಕ್‌ನ ಸರಾಸರಿ ಮತ್ತು ವಿಚಲನೆ, ಅಳತೆಯ ಮಿತಿ ಇಷ್ಟೂ ಬರಲಿ. ಓಟ ಮುಗಿದ ನಳಿಕೆಯನ್ನು ಎಸೆಯಬೇಡಿ. ಒಂದು ಗೇಣಿನಷ್ಟು ತುಂಡು ಕತ್ತರಿಸಿ, ಸುಟ್ಟ ಫಾಯಿಲ್‌ನಲ್ಲಿ ಸುತ್ತಿ, ಲಾಟ್ ನಂಬರ್ ಬರೆದು ಸ್ಯಾಂಪಲ್‌ಗಳಿಂದ ದೂರದ ಇನ್ನೊಂದು ಕೋಣೆಯಲ್ಲಿಡಿ. ಮುಂದಿನ ಲಾಟ್ ಬಂದ ದಿನ ಅದರ ಪಕ್ಕದಲ್ಲಿಟ್ಟು ಎಫ್‌ಟಿಐಆರ್ ನೋಡಲು ಅದು ಬೇಕಾಗುತ್ತದೆ.